ಹದಿನೇಳನೆಯ ಪುಟ, ಆರನೆಯ ಸಾಲು

ನೂರಾ ನಲವತ್ತೊಂಬತ್ತು ರೂಪಾಯಿಗೆ ಹಡಗು ಕೊಂಡೆ ನಿನ್ನೆ ರಾತ್ರಿ,
ಬಾಗಲಕೋಟೆ ನವನಗರದ ಸೆಕ್ಟರಿನಲ್ಲಿ, ಕರೆಂಟು ಬಂದ ಮೇಲೆ.
ಬೀಗವಿಲ್ಲ, ಮುದ್ರೆಯಿಲ್ಲ, ಒಮ್ಮೆ ಕೊಂಡರೆ ನಿಮ್ಮದೇ
ಎಂದು ಬರೆದಿದ್ದರು ಮಾರುವವರು.
ಹಳೆಯ ಆಟ. ಹಾಯಿ, ಮೆಣಸಿನ ಮೂಟೆ, ಹದಿನಾರು ಬಣ್ಣದ ಕಡಲು.
ಬಂದರಿನ ಬಾಗಿಲಿಗೆ ಬಂದದ್ದೇ ತಡ
ಅದೇ ಪಹರೆಯವ, ಅದೇ ಚೌಕ ಚೌಕ ಮೀಸೆ, ಅದೇ ಪ್ರಶ್ನೆ:
ಕೈಪಿಡಿಯ ಹದಿನೇಳನೆಯ ಪುಟ, ಆರನೆಯ ಸಾಲು,
ಮೂರನೆಯ ಶಬ್ದ ಯಾವುದು?

ಕೆಲಸದಿಂದ ಬಿಡಿಸಿದ್ದನ್ನು ಇವನಿಗೆ ಯಾರೂ ತಿಳಿಸಿಲ್ಲ.

ಆಗ ನಾವು ಕಿಲ್ಲಾ ಓಣಿಯವರು.
ಬನ್ನೆಪ್ಪ ಸರ್ ಅವರ ಕಂಪ್ಯೂಟರ್ ಕ್ಲಾಸು ಎಣ್ಣೆ ಗಿರಣಿಯ ಮಾಳಿಗೆ ಮೇಲೆ,
ಚಪ್ಪಲಿ ಹೊರಗೆ ಬಿಟ್ಟು ಹೋಗುವ ಕೋಣೆ,
ಒಳಗೆಲ್ಲ ಕುಸುಬಿ ಹಿಂಡಿಯ ವಾಸನೆ.
ಎರಡು ಮಷೀನು, ಗದಗಿನ ಯಾರಿಂದಲೋ ಎರವಲು ತಂದ ಒಂದು ಕೈಪಿಡಿ.
ಅದರ ಹಾಳೆ ಒಣಮೆಣಸಿನಕಾಯಿ ಕೆಂಪು, ಅಕ್ಷರ ಕಪ್ಪು.
ಕದಿಯಬಾರದೆಂದೇ ಹಾಗೆ ಅಚ್ಚು ಹಾಕಿದ್ದರಂತೆ.
ಝೆರಾಕ್ಸ್ ಅಂಗಡಿಯ ಹುಸೇನಸಾಬ ಎರಡು ಹಾಳೆ ತೆಗೆದು ನೋಡಿ
"ಬರೇ ಅಮಾಸಿ ಬರಾಕತ್ತೈತಿ ನೋಡವ್ವಾ, ರೊಕ್ಕ ಬ್ಯಾಡ" ಅಂದ.

ಆಗ ಜೈತುನಬಿ ಪೆನ್ನು ತೆಗೆದಳು.
ಇನ್ನೂರು ಪುಟದ ವಹಿ. ಬಿಸಿಲಿಗೆ ಓರೆಯಾಗಿ ಹಿಡಿದ ಕೆಂಪು ಹಾಳೆ.
ಅರ್ಥ ಗೊತ್ತಿಲ್ಲದ ಇಂಗ್ಲಿಷು, ಸಾಲಿಗೆ ಸಾಲು, ಹನ್ನೊಂದು ದಿನ.
ಪುಸ್ತಕದ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ತನ್ನದೂ ಮುಗಿಯಬೇಕು,
ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆಂದು
ಅಂಚಿಗೆ ಬಂದಾಗ ಅಕ್ಷರಗಳನ್ನು ಇರುವೆಯಷ್ಟು ಮಾಡಿದಳು.
ರೋಜಾದ ದಿನಗಳು ಬೇರೆ.

ಎಲ್ಲ ಪುಟಕ್ಕೂ ಬಾಗಿಲು ತೆರೆಯಿತು, ಹದಿನೇಳರ ಹೊರತು.
ಮೂರು ಸಲ ತಪ್ಪಿದರೆ ಪರದೆ ಕಪ್ಪಾಗಿ
ಕಳ್ಳರೇ ಎಂಬರ್ಥದ ಒಂದು ಸಾಲು ಉಳಿಯುತ್ತಿತ್ತು.
ಎಲ್ಲಿ ತಪ್ಪಿದೆವೆಂದು ತಿಳಿಯಲಿಲ್ಲ; ಪುಸ್ತಕ ಗದಗಿಗೆ ಹೋಗಿಯಾಗಿತ್ತು.
"ಹದಿನೇಳು ಬಂದ್ರ ಬಂದ್ ಮಾಡಿ, ನೀರು ಕುಡದು ಬರಬೇಕು"
ಇದು ಜೈತುನಬಿಯ ನೇಮ.

ಆಮೇಲೆ ನಮ್ಮ ಗೋಡೆಗಳಿಗೂ ಕೆಂಪು ಬಣ್ಣದ ಅಂಕಿ ಬಿದ್ದವು.
ಸರ್ವೆಯವರು ಕೇಳಿದರು: ಉತಾರ ಎಲ್ಲಿ, ಯಾವ ಪುಟ, ಯಾರ ಹೆಸರು?
ಹಿನ್ನೀರು ಏನೂ ಕೇಳಲಿಲ್ಲ. ಬಂದಿತು.
ಗಿರಣಿ ಹೋಯಿತು, ಮಾಳಿಗೆ ಹೋಯಿತು. ವಹಿ
ನೀರಿಗೋ, ಗುಜರಿಗೋ, ಚುರಮರಿ ಕಟ್ಟಲಿಕ್ಕೋ.
ಕಿಲ್ಲಾದ ಮನೆಯ ಚಾವಿ ಅವ್ವನ ಹತ್ತಿರ ಇನ್ನೂ ಇದೆ,
ಅದರ ಹಲ್ಲಿನಿಂದ ಹಾಲಿನ ಪಾಕೀಟು ಹರಿಯುತ್ತಾಳೆ.

ನಿನ್ನೆ ರಾತ್ರಿ ಪಹರೆಯವ ಕಾದೇ ಇದ್ದ.
ಮಾರುವವರು ಕೈಪಿಡಿಯ ಚಿತ್ರವನ್ನೂ ಜೊತೆಗೆ ಇಟ್ಟಿದ್ದರು,
ಅದೇ ಮೆಣಸಿನಕಾಯಿ ಕೆಂಪು. ಹದಿನೇಳು, ಆರು, ಮೂರು:
ಲಂಗರಿಗೆ ಅವರು ಹೇಳುವ ಶಬ್ದ.
ನಡುವೆ ಒಂದು ಎಚ್ ಇತ್ತು, ಜೈತುನಬಿ ನುಂಗಿದ್ದ ಎಚ್,
ಇಪ್ಪತ್ತೆಂಟು ವರ್ಷದ ಮೇಲೆ ಕಣ್ಣಿಗೆ ಬಿತ್ತು.

ಯಾಕೋ, ಎಚ್ ಬಿಟ್ಟೇ ಬರೆದೆ. ಅವಳು ಬರೆದ ಹಾಗೆ.
ಬಾಗಿಲು ತೆರೆಯಿತು.

ಹೊರಗೆ ಬಂದು ಮತ್ತೊಮ್ಮೆ ಹೋದೆ. ಕುಸುಬಿ ಎಂದು ಬರೆದೆ.
ತೆರೆಯಿತು. ಬರೀ ಒಂದು ಚುಕ್ಕೆ ಇಟ್ಟೆ. ಅದಕ್ಕೂ ತೆರೆಯಿತು.
ಯಾರೋ ಪಹರೆಯವನ ಕಿವಿ ಕಿತ್ತಿದ್ದಾರೆ,
ಬಾಯಿ ಕೀಳಲು ಮರೆತಿದ್ದಾರೆ.

ಮುಂಜಾನೆ ಗುಳೇದಗುಡ್ಡಕ್ಕೆ ಫೋನು ಮಾಡಿದೆ. ಖಣದ ಅಂಗಡಿ ತೆರೆಯುವ ಹೊತ್ತು,
ಶಟರ್ ಎತ್ತುವ ಸದ್ದು ಕೇಳಿಸಿತು.
"ಹದಿನೇಳು ತೆಗೀತು" ಅಂದೆ.
ಸ್ವಲ್ಪ ಹೊತ್ತು ಏನೂ ಇಲ್ಲ.
"ನಾ ಬರದದ್ದ ಹಾಕಿದೇನು?"
"ಹ್ಞೂಂ. ನೀ ಬರದದ್ದ."
ಚುಕ್ಕೆಯ ಸಂಗತಿ ನಾನು ಹೇಳಲಿಲ್ಲ.
ಅವಳೂ ಮತ್ತೇನೂ ಕೇಳಲಿಲ್ಲ, ಮೆಣಸು
ಆ ಕಡೆಯ ಬಂದರಿನಲ್ಲಿ ಎಷ್ಟಕ್ಕೆ ಹೋಯಿತು ಎಂಬುದನ್ನು ಬಿಟ್ಟು.