ಗುಂಜಿಯಷ್ಟು ಕಡಿಮೆ

ಹಳೇ ಊರಿನ ಓಣಿ ಹಿನ್ನೀರಿಗೆ ಹೋದಾಗ
ನವನಗರಕ್ಕೆ ಬಂದು ಕೂತ ಅಂಗಡಿ.
ಬೋರ್ಡಿನ ಮೇಲೆ: ದಾವಲಸಾಬ ನದಾಫ.
ಅಜ್ಜ ಮುತ್ತಜ್ಜ ಹತ್ತಿ ಹಿಂಜಿದವರು,
ಇವರು ಮಾರುವ ದಾರದೊಳಗೆ
ಹತ್ತಿಯ ಎಳೆ ಹುಡುಕಬೇಕು.

“ಏನು ಹೊಲೀತಿ ತಂಗಿ?”
“ಬೆನ್ನಿನ ಚೀಲ. ಬಾದಾಮಿ ಬಂಡಿ ಹತ್ತಾಕ.”
ಪೆಟ್ಟಿಗೆಯ ಮೇಲೇ ನಿಂತಿತು ಅವರ ಕೈ.
“ಜೀವ ಜೋತು ಬೀಳೂದೇನು ಇದರ ಮ್ಯಾಲೆ?”
“ಇಲ್ಲರಿ, ಜೀವಕ್ಕ ಹಗ್ಗ ಬ್ಯಾರೆ ಐತಿ, ಕಂಪನೀದು.
ಇದು ನೀರು, ಬೂಟು, ನಾಕು ರೊಟ್ಟಿ ಹೊರೂದು.”
“ಹಂಗಾದರ ಕೂಡು” ಎಂದರು.
ಕೂತೆ.

ಹತ್ತಿಯದು ಮೊದಲು ಬಂತು:
ಮೈ ಮೃದು, ಎರಡು ಮಳೆ ನೆನೆದರೆ ಬೂಸ್ಟು.
ನೈಲಾನು ಹೊಳೆಯಿತು. ಜಗ್ಗಿದಷ್ಟೂ ಬರುತ್ತದೆ,
ಬಿಟ್ಟರೆ ಹಿಂದೆ ಸರಿದು
ಹೊಲಿಗೆಯನ್ನೆಲ್ಲ ನೆರಿಗೆ ಮಾಡುತ್ತದೆ,
ನಮ್ಮ ಬಿಸಿಲಿಗೆ ಎರಡೇ ಬೇಸಿಗೆಗೆ ಮುದುಕ.
ಪಾಲಿಯೆಸ್ಟರು ಮಂಕಾಗಿ ಮೂಲೆಯಲ್ಲಿತ್ತು,
ಬ್ಯಾಂಕಿನ ಸರದಿಯಲ್ಲಿ ನಿಂತ ಮಾಸ್ತರನ ಹಾಗೆ.
ಸಾಬರು ಕಡ್ಡಿ ಗೀರಿ ತುದಿಗೆ ಹಿಡಿದರು.
ಬೂದಿಯಾದದ್ದು ಒಂದು,
ಕರಗಿ ಸಾಸಿವೆಯಾದವು ಎರಡು.
ಆ ಎರಡರ ವಾಸನೆಯ ಭೇದ
ನನ್ನ ಮೂಗಿಗೆ ತಿಳಿಯಲಿಲ್ಲ.
ಅವರ ಮೂಗಿಗೆ ತಿಳಿಯಿತು.

ದಪ್ಪದ್ದೇ ಕೊಡಿ ಎಂದೆ,
ಎತ್ತಿನ ಮೂಗುದಾರದಂಥದ್ದು, ಎಂದೂ ಹರಿಯದ್ದು,
ತಾಡಪತ್ರಿಗೆ ಒಪ್ಪುವ ಬೂದಿ ಬಣ್ಣದ್ದು.
ಕೊಟ್ಟರು. ಕೇಳದೆಯೇ
ಇನ್ನೊಂದು ರೀಲು ಪೊಟ್ಟಣಕ್ಕೆ ಹಾಕಿದರು,
ಸಣ್ಣದು, ಕೆಂಪು.
“ನಿಮ್ಮವ್ವನ ಮಷೀನಿಗೆ ತೋರ್ಸು.
ಬ್ಯಾಡಂದರ ತಿರುಗಿ ತಾ.”

ಗುಳೇದಗುಡ್ಡದಲ್ಲಿ ಅವ್ವನ ಮಷೀನು
ಮೂವತ್ತು ವರ್ಷ ಖಣದ ಕುಪ್ಪಸ ಬಿಟ್ಟರೆ
ಬೇರೆ ಮೈ ಕಂಡದ್ದಲ್ಲ.
ಲಾರಿಯ ಹಳೆ ತಾಡಪತ್ರಿ ಇಟ್ಟ ಕೂಡಲೇ
ಸೂಜಿ ಮುರಿಯಿತು.
ಹದಿನೆಂಟು ನಂಬರಿನದು ಹೇಗೋ ಹೊಕ್ಕಿತು,
ಗೊಣಗುತ್ತ.
ಅವ್ವ ಎರಡು ಚೂರು ಕೂಡಿಸಿ ದಪ್ಪ ದಾರದಲ್ಲಿ ಹೊಲಿದು
ಒಂದು ತುದಿ ಕಾಲಲ್ಲಿ ಮೆಟ್ಟಿ, ಇನ್ನೊಂದನ್ನು ಜಗ್ಗಿದಳು.
ದಾರ ಉಳಿಯಿತು.
ಬಟ್ಟೆ ಹರಿಯಿತು ತೂತಿನ ಸಾಲಿನಗುಂಟ,
ಅಂಚೆ ಚೀಟಿ ಹರಿದ ಹಾಗೆ.

“ದಾರ ಬಟ್ಟಿಗಿಂತ ಗುಂಜಿಯಷ್ಟು ಕಡಿಮಿ ಇರಬೇಕು.
ಹರಿಯೂದಿದ್ದರ ಅದಾ ಹರೀಬೇಕು.
ದಾರ ಮತ್ತ ಪೋಣಸಬಹುದು,
ಬಟ್ಟಿ ಹರಿದರ ಎಲ್ಲಿ ಚುಚ್ಚತಿ?”
ಕೆಂಪು ರೀಲು ಮಷೀನಿಗೇರಿತು.
ಎದ್ದು ಕಾಣ್ತದಲ್ಲ ಎಂದೆ.
“ಕಾಣಲಿ. ಸವದದ್ದು ಕಣ್ಣಿಗೆ ಬೀಳಬೇಕಲ್ಲ.”

ಹೆಗಲಪಟ್ಟಿಗೆ ಕೆಟ್ಟ ಜೀಪಿನ ಸೀಟ್ ಬೆಲ್ಟು.
ಅಲ್ಲಿ ಮಷೀನು ಕೈಚೆಲ್ಲಿತು.
ದಾರಕ್ಕೆ ಜೇನುಮೇಣ ಸವರಿ ರಾತ್ರಿ ನಾನೇ ಕೂತೆ:
ಒಂದು ಚೌಕ, ಅದರೊಳಗೊಂದು ಗುಣಿಸುವ ಗುರುತು.
ಹೆಬ್ಬೆರಳಲ್ಲಿ ಮೂರು ತೂತು, ಅವು ಲೆಕ್ಕಕ್ಕಿಲ್ಲ.

ಬಂಡೆ ಏನೂ ಮಾಡಲಿಲ್ಲ,
ತನ್ನ ಕೆಂಪು ಸ್ವಲ್ಪ ಉಜ್ಜಿ ಕಳಿಸಿತು.
ನೆತ್ತಿಯಲ್ಲಿ ಕೂತು ಬೂಟು ಕಳಚುವಾಗ
ಬಂದದ್ದು ಗಡವ ಮಂಗ್ಯಾ.
ಒಂದು ಪಟ್ಟಿ ಅದರ ಕೈಯಲ್ಲಿ, ಒಂದು ನನ್ನ ಕೈಯಲ್ಲಿ,
ಕೆಳಗೆ ಹಸಿರು ಹೊಂಡ,
ನಡುವೆ ಅವ್ವನ ಲೆಕ್ಕ.
ಟರ್ ಎಂದಿತು.
ನಾಲ್ಕು ಬೆರಳು ಬಾಯಿ ಬಿಟ್ಟಿತು ಹೊಲಿಗೆ.
ರೊಟ್ಟಿ ಹೋಯಿತು. ಚಟ್ನಿಯ ಗಂಟೂ ಹೋಯಿತು.
ಖಾರಕ್ಕೆ ಅದು ಮುಖ ಕಿವುಚಿದ್ದನ್ನು
ಹಸಿದುಕೊಂಡೇ ನೋಡಿ ನಕ್ಕೆ.

ಸಂಜೆ ಅವ್ವ ಚೀಲವನ್ನು ದೀಪಕ್ಕೆ ಹಿಡಿದು
ಬಾಯಿ ಬಿಟ್ಟಲ್ಲಿ ಬೆರಳಾಡಿಸಿದಳು.
ಬಟ್ಟೆ ಗಟ್ಟಿ. ಹಳೆಯ ತೂತುಗಳೆಲ್ಲ
ಇದ್ದಲ್ಲೇ ಇದ್ದವು, ಖಾಲಿ.
ಕೆಂಪು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ
ಸೂಜಿಯ ಕಣ್ಣು ಹುಡುಕುತ್ತ ಅಂದಳು:
“ಮುಂದಿನ ಸರ್ತಿ
ಮಂಗ್ಯಾಗ ಒಂದು ರೊಟ್ಟಿ ಬ್ಯಾರೆ ಕಟ್ಟತೇನಿ.
ಚಟ್ನಿ ಹಚ್ಚೂದಿಲ್ಲ.”