ನಲವತ್ತಮೂರನೆಯದು

ಸ್ಕಾರ್‌ವಿಕ್ ಬಂದರಿನಲ್ಲಿ ನಾನು ಅಕ್ಷರ ಕೊರೆಯುವವನು.
ದೋಣಿಗಳ ಹೆಸರು, ಗೋರಿಗಳ ಇಸವಿ,
ಓಟ ಗೆದ್ದ ಮಕ್ಕಳ ಬಟ್ಟಲು.
ಕೆಲಸ ಹಿತ್ತಾಳೆಯದು; ಕಿವಿ ಹಿತ್ತಾಳೆಯದಲ್ಲ.
ಬರೆದುಕೊಟ್ಟಷ್ಟನ್ನೇ ಕೊರೆಯುತ್ತೇನೆ.

ಜನವರಿಯಲ್ಲಿ ಪುರಸಭೆಯ ಚೀಟಿ ಬಂತು:
ಆನ್‌ಫಿನ್ ಹುಟ್ಟಿ ನೂರಿಪ್ಪತ್ತು ವರ್ಷ,
ಪ್ರತಿಮೆಯ ಕೆಳಗಿನ ಫಲಕವನ್ನು ಉಪ್ಪು ತಿಂದಿದೆ,
ಹೊಸದು ಮಾಡು, ಒಕ್ಕಣೆ ಹಳೆಯದೇ ಇರಲಿ:
‘ಈತ ಕಡಲಿನಿಂದ ಎತ್ತಿ ತಂದ ಜೀವ ನಲವತ್ತಮೂರು.’

ಅದರಲ್ಲಿ ಹದಿನೇಳನೆಯವನು ನನ್ನಜ್ಜ ಎಲ್ಲಿಂಗ್.
ಫೆಬ್ರವರಿಯ ರಾತ್ರಿ, ಮಗುಚಿದ ದೋಣಿಯ ಬೆನ್ನಿಗೆ
ಕಪ್ಪೆಚಿಪ್ಪಿನ ಹಾಗೆ ಕಚ್ಚಿಕೊಂಡಿದ್ದನಂತೆ.
ಆನ್‌ಫಿನ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ
ತನ್ನ ಅಂಗಿಯೊಳಗೆ, ಎದೆಗೆ ಒತ್ತಿಕೊಂಡನಂತೆ.
ಆಮೇಲೆ ಅಜ್ಜನಿಗೆ ಮದುವೆ, ಅಪ್ಪ ಹುಟ್ಟಿದ,
ನಾನು ಈ ಉಳಿ ಹಿಡಿದು ಕೂತೆ.
ನಮ್ಮ ಮನೆಯಲ್ಲಿ ಕ್ರಿಸ್‌ಮಸ್ಸಿನ ಮೊದಲ ಲೋಟ
ದೇವರಿಗಲ್ಲ, ಅವನಿಗೆ.

ಫಲಕಕ್ಕೆ ಗೆರೆ ಹಾಕುತ್ತಿದ್ದ ದಿನ
ಬೋರ್ಗಿಲ್ ಬಂದಳು. ಅವನ ಮಗಳು. ಎಂಬತ್ತೊಂದು.
ಹಿಮ ಕೊಡವಲಿಲ್ಲ, ಕೂರಲಿಲ್ಲ, ಕಾಫಿ ಬೇಡವೆಂದಳು.
‘ಎಷ್ಟು ಅಂತ ಕೊರೀತೀ?’
‘ನಲವತ್ತಮೂರು.’
‘ಒಂದು ಕಳಿ.’

ಬಂದರು ಕಚೇರಿಯ ಹಳದಿ ಪಟ್ಟಿ ತೆಗೆದೆ.
ಬೆರಳಿಡುತ್ತ ಇಳಿದಳು, ಬಿರುಗಾಳಿ, ಬಿರುಗಾಳಿ,
ಮಂಜು, ಬಿರುಗಾಳಿ,
ಒಂದು ಸಾಲಿನ ಮೇಲೆ ನಿಂತಳು:
‘ಹೆಂಗಸು, ಒಬ್ಬಳು. ಅಕ್ಟೋಬರ್. ಕಡಲು ಶಾಂತ.’
‘ಇದು ನನ್ನಮ್ಮ.

ದೋಣಿ ಇರಲಿಲ್ಲ. ಗಾಳಿಯೂ ಇರಲಿಲ್ಲ.
ನಡೆದೇ ಹೋದಳು, ದಡದಲ್ಲಿ ಬೂಟು ಬಿಚ್ಚಿಟ್ಟು,
ಅದರೊಳಗೆ ಕಾಲುಚೀಲ ಮಡಿಸಿಟ್ಟು.
ಹಿಂದಿನ ರಾತ್ರಿ ಅವನು ಬಾಗಿಲ ಅಗುಳಿಯಿಂದ...’
ಅಲ್ಲಿಗೆ ಬಿಟ್ಟಳು. ಕೈಗವಸು ಸರಿಮಾಡಿಕೊಂಡಳು.
‘ಎತ್ತಿ ತಂದವನು ಅವನೇ, ಹೌದು.
ಹುಟ್ಟು ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.
ಜನ ಟೋಪಿ ತೆಗೆದು ನಿಂತರು. ಗುಮಾಸ್ತ ಅಂಕಿ ಏರಿಸಿದ.
ಅಮ್ಮ ಇನ್ನೂ ಮೂವತ್ತು ವರ್ಷ ಬದುಕಿದಳು,
ಅದೇ ಮನೆಯಲ್ಲಿ, ಆ ಅಂಕಿಯಾಗಿ.’

ಗಾದೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು:
ಮನೆಗೆ ಮಾರಿ, ಊರಿಗೆ ಉಪಕಾರಿ.
ನಡುವೆ ಒಂದು ಅಲ್ಪವಿರಾಮ, ಎಷ್ಟು ಸಲೀಸು!
ಅತ್ತೊಂದು ತೂಕ, ಇತ್ತೊಂದು, ತಕ್ಕಡಿ ಸರಿ.
ಇವಳು ಬೆಳೆದದ್ದು
ಆ ಅಲ್ಪವಿರಾಮದಲ್ಲಿ.

‘ಪ್ರತಿಮೆಯನ್ನೇ ತೆಗೆಸಬೇಕೆ?’
ಕೇಳಿದ್ದು ನಾನೋ, ನನ್ನಜ್ಜನ ಬೆರಳುಗಳೋ.
ನಕ್ಕಳು. ‘ಇರಲಿ ಬಿಡು, ಕಡಲಹಕ್ಕಿಗಳಿಗೆ ಕೂರಲು ಬೇಕು.
ನಿನ್ನಜ್ಜ ಸುಳ್ಳಲ್ಲ. ನಲವತ್ತೆರಡು ಸುಳ್ಳಲ್ಲ.
ಅವನನ್ನು ಬೈಯಿ ಅಂತ ನಾನು ಬರಲಿಲ್ಲ.
ಲೆಕ್ಕ ಸರಿ ಮಾಡು ಅಂತ ಬಂದೆ.’
ಬಾಗಿಲವರೆಗೆ ಹೋಗಿ ಹೆಸರು ಕೇಳಿದೆ.
‘ಯೋರುನ್,’ ಎಂದಳು, ತನ್ನ ಹೆಸರೇ ಅದು ಎಂಬಂತೆ.

ಮೂರಕ್ಕೂ ಎರಡಕ್ಕೂ ನಡುವೆ
ಉಳಿಯ ಒಂದು ತಿರುವು.
ಅದಕ್ಕೆ ನನಗೆ ಮೂರು ರಾತ್ರಿ ಬೇಕಾಯಿತು.

ಜೂನ್‌ನಲ್ಲಿ ವಾದ್ಯದವರು ಬಂದರು, ಮೇಯರ್ ಮಾತಾಡಿದ,
‘ನಲವತ್ತಮೂರು’ ಎಂದು ಕಾಗದ ನೋಡಿ ಓದಿದ,
ಕಾಲಡಿಯ ಹಿತ್ತಾಳೆಯನ್ನು ಯಾರೂ ನೋಡಲಿಲ್ಲ.
ಸೆಪ್ಟೆಂಬರಿನಲ್ಲಿ ಒಬ್ಬ ಶಾಲೆಯ ಹುಡುಗ ಬಂದು ಕೇಳಿದ:
‘ಪುಸ್ತಕದಲ್ಲಿ ಒಬ್ಬರು ಜಾಸ್ತಿ. ಮುಳುಗಿಹೋದರಾ?’
‘ಇಲ್ಲ,’ ಎಂದೆ. ಮುಂದೆ ಏನು ಹೇಳುವುದೋ ತಿಳಿಯದೆ
ಅವನ ಸೈಕಲ್ಲಿನ ಗಂಟೆಗೆ ಎಣ್ಣೆ ಹಾಕಿಕೊಟ್ಟೆ.

ಡಿಸೆಂಬರ್. ಮೊದಲ ಲೋಟ ಎತ್ತುವಾಗ ಕೈ ತಡೆಯಿತು.
ಕುಡಿದೆ. ಕುಡಿಯದಿರಬೇಕಾದರೆ
ನಾನು ಇರಲೇಬಾರದಿತ್ತು.
ಆಮೇಲೆ ಇನ್ನೊಂದು ಲೋಟ ತುಂಬಿ
ಮೇಜಿನ ಖಾಲಿ ಬದಿಗೆ ಸರಿಸಿ
‘ಯೋರುನ್’ ಎಂದೆ.
‘ಯಾರದು?’ ಎಂದಳು ಹೆಂಡತಿ,
ಮೀನಿನ ಮುಳ್ಳು ಬಿಡಿಸುತ್ತಾ.