ಗಲ್ಫ್ ಅನುಭವ ಎಷ್ಟು ವರ್ಷ?

ಒಡೆದದ್ದನ್ನು ಎಣಿಸುವುದು ನನ್ನ ಕೆಲಸ.
ಬಹ್ರೇನ್, ಸಿತ್ರಾದ ಗೋದಾಮು, ಟೈಲ್ಸ್ ಕಂಪನಿ.
ಮೋರ್ಬಿಯಿಂದ ಬಂದ ಕಂಟೇನರಿನ ಬಾಗಿಲು ತೆಗೆದರೆ
ಮೊದಲು ಹೊರಬರುವುದು ಕಾವು,
ಆಮೇಲೆ ರಟ್ಟಿನ ವಾಸನೆ, ಆಮೇಲೆ ಸದ್ದು,
ಒಳಗೆಲ್ಲೋ ಜಾರಿಬೀಳುವ ಚೂರಿನದು.
ಒಡೆದ ಪೆಟ್ಟಿಗೆಗೆ ಕೆಂಪು ಸ್ಟಿಕ್ಕರು, ವಹಿಯಲ್ಲಿ ಒಂದು ಸಾಲು:
ಬಣ್ಣ, ಅಳತೆ, ಎಷ್ಟು ತುಂಡು, ಸಿಕ್ಕ ಜಾಗ.
ಎಂ.ಎ.ಯಲ್ಲಿ ಕಲಿಸಿದ್ದೂ ಇದನ್ನೇ.
ಅಲ್ಲಿ ಮಾತ್ರ ತುಂಡನ್ನು ಎಸೆಯುತ್ತಿರಲಿಲ್ಲ.

ನಾನು ಹುಲಿಗೆಮ್ಮ ಕುಂಬಾರ, ಕುಡತಿನಿಯವಳು.
ನಮ್ಮೂರ ಬೂದಿದಿಬ್ಬ ರಾಕ್ಷಸನನ್ನು ಸುಟ್ಟ ಜಾಗ, ಎಂದಳು ಅಜ್ಜಿ.
ದನದ ಹಟ್ಟಿ, ಸಗಣಿಯ ಬೂದಿ, ಎಂದರು ಮೇಷ್ಟ್ರು.
ಇಬ್ಬರಿಗೂ ಹೂಂ ಎಂದೆ,
ಪರೀಕ್ಷೆಯಲ್ಲಿ ಮೇಷ್ಟ್ರದ್ದು ಬರೆದೆ.
"ಮಣ್ಣು ಓದಿದರೆ ಮಣ್ಣೇ ತಿನ್ನಬೇಕಾದೀತು"
ಎಂದ ಅಪ್ಪ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು,
ತಿಗರಿ ನಿಲ್ಲಿಸದೆ.

ಬ್ಯಾಚಿನಲ್ಲಿ ನಾವು ಹನ್ನೊಂದು ಜನ.
ಶರಣಬಸ್ಸು ಬಾದಾಮಿಯಲ್ಲಿ ಗೈಡು,
ಅವನ ಮಾತು ಅಲ್ಲಿನ ಮಂಗಗಳಿಗೂ ಬಾಯಿಪಾಠ.
ಮೆಹಬೂಬಿ ಪೊಲೀಸ್ ಲ್ಯಾಬಿನಲ್ಲಿ ಮೂಳೆ ನೋಡುತ್ತಾಳೆ.
ಹೊಸ ಮೂಳೆ, ಅನ್ನುತ್ತಾಳೆ,
ಅಷ್ಟಕ್ಕೇ ಫೋನಿನಲ್ಲಿ ಸುಮ್ಮನಾಗುತ್ತಾಳೆ.
ಒಬ್ಬ ಕಲ್ಲುಕ್ವಾರಿಯ ಮ್ಯಾನೇಜರು,
ಅವನ ಹೆಸರು ನಾವು ತೆಗೆಯುವುದಿಲ್ಲ.
ಉಳಿದವರು ಯಾವ ಪದರದಲ್ಲಿದ್ದಾರೋ,
ಮೇಲಿಂದ ಗುರುತಿಲ್ಲ.

ಹೋದ ತಿಂಗಳು ಮನಾಮಾದಲ್ಲಿ ಒಂದು ಸಂದರ್ಶನ.
ರಸ್ತೆ ಅಗೆಯುವಾಗ ಪಕ್ಕದಲ್ಲಿ ನಿಲ್ಲುವವರು ಬೇಕಂತೆ,
ಹಳೆಯದೇನಾದರೂ ಕಂಡರೆ ಕೈಯೆತ್ತಿ ತಡೆಯುವವರು.
ಬುಲ್ಡೋಜರಿಗೆ ಕೈಯೆತ್ತುವುದಕ್ಕೆ ಸಂಬಳ!
ರಾತ್ರಿಯೆಲ್ಲ ಕೈಯೆತ್ತಿ ಅಭ್ಯಾಸ ಮಾಡಿದೆ,
ಮೇಲಿನ ಮಂಚದ ಸುಸಮ್ಮ ಬೆಚ್ಚಿಬಿದ್ದಳು.
ಮೇಜಿನಾಚೆಯ ಪತ್ತನಂತಿಟ್ಟದ ಮನುಷ್ಯ ಕಡತ ತಿರುವಿ ಕೇಳಿದ:
"ಗಲ್ಫ್ ಅನುಭವ ಎಷ್ಟು ವರ್ಷ?"

ನಾಲ್ಕು ಸಾವಿರ, ಅನ್ನಬೇಕೆನಿಸಿತು.
ಮ್ಯೂಸಿಯಮ್ಮಿನ ಗಾಜಿನೊಳಗಿರುವ ಕೆಂಪು ಅಕೀಕ್ ಮಣಿ
ಈ ಟೈಲ್ಸ್ ಬರುವ ದಿಕ್ಕಿನಿಂದಲೇ ಬಂದದ್ದು,
ಒಡೆಯದೆ.
ಕೊರೆದವನ ಬೆರಳು ಎಷ್ಟು ನೊಂದಿತ್ತೋ,
ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.
"ಒಂದು ವರ್ಷ ಎಂಟು ತಿಂಗಳು, ಗೋದಾಮಿನಲ್ಲಿ" ಎಂದೆ.
"ಅದು ಲೆಕ್ಕಕ್ಕೆ ಬರೋದಿಲ್ಲ."
ಕೆಟ್ಟವನಲ್ಲ. ಚಹಾ ತರಿಸಿದ. ಬಿಸ್ಕತ್ತನ್ನೂ.

ಶುಕ್ರವಾರ ಬಸ್ಸು ಹಿಡಿದು ಆಲಿಗೆ ಹೋಗುತ್ತೇನೆ.
ಮನೆ, ಮನೆ, ಸಮಾಧಿಯ ದಿಬ್ಬ, ಮನೆ,
ಏಸಿಯ ನೀರು ತೊಟ್ಟಿಕ್ಕುವ ಗೋಡೆ, ಮತ್ತೊಂದು ದಿಬ್ಬ,
ಅದರ ನೆರಳಿಗೆ ಮೂತಿ ತೂರಿಸಿ ನಿಂತ ಪಿಕಪ್ಪು.
ಸತ್ತವರಿಗೂ ಇದ್ದವರಿಗೂ ಬೀದಿ ಒಂದೇ.
ಬೀದಿಯ ಕೊನೆಗೆ ಹಾಜಿ ಜವಾದರ ಆವಿಗೆ.
ನಮ್ಮಪ್ಪ ಕೋಲು ಹಾಕಿ ತಿರುಗಿಸುವುದನ್ನು
ಇವರು ಪಾದದಿಂದ ಒದ್ದು ತಿರುಗಿಸುತ್ತಾರೆ.
ಅವರ ಮಾತು ನನಗೆ ಬಾರದು, ನನ್ನದು ಅವರಿಗೆ.
ಒಂದು ಹೂಜಿ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿದೆ,
ಸಂತೆಯಲ್ಲಿ ಅಪ್ಪ ತಟ್ಟುವ ಹಾಗೆ,
ಕಿವಿ ಹತ್ತಿರ ಹಿಡಿದು.
ನಾದವಿಲ್ಲ. ಕತ್ತಿನ ಕೆಳಗೆಲ್ಲೋ ಬಿರುಕು.
"ಖರಾಬ್" ಎಂದೆ.
"ಖರಾಬ್!" ಎಂದರು ಹಾಜಿ, ಹಲ್ಲಿಲ್ಲದ ನಗೆ ನಕ್ಕು,
ಹೂಜಿ ಇಸಿದುಕೊಂಡು ದಿಬ್ಬದ ಬುಡಕ್ಕೆ ಎಸೆದರು.
ಅಲ್ಲಿ ಆಗಲೇ ಬಿದ್ದಿದ್ದವು ಚೂರುಗಳು,
ನಿನ್ನೆಯವು, ಅವರಪ್ಪನ ಕಾಲದವು,
ನಡುವೆ ಒಂದು ಜ್ಯೂಸಿನ ಡಬ್ಬಿ.
ಯಾರೂ ಎಣಿಸಿರಲಿಲ್ಲ.

ಶನಿವಾರ ಹೊಸ ಕಂಟೇನರು.
ಇಪ್ಪತ್ತಮೂರನೆಯ ಪೆಟ್ಟಿಗೆಯಲ್ಲಿ ಒಂದೇ ಟೈಲು ಒಡೆದಿತ್ತು.
ವಹಿಯಲ್ಲಿ ಬರೆದೆ:
ಕೆಳಗಿನ ಪದರ, ಎಡಕ್ಕೆ ಹೊರಳಿ ಮಲಗಿದೆ,
ತಲೆ ಉತ್ತರಕ್ಕೆ, ಜೊತೆಗೆ ವಸ್ತುಗಳಿಲ್ಲ.
"ಇದೇನಿದು?" ಎಂದ ಸೂಪರ್‌ವೈಸರ್.
ಸಿಕ್ಕ ಜಾಗ ಸರ್, ಎಂದೆ.
ಅವನು ಒಂದು ಗಳಿಗೆ ಒಳಗೆ ಬಗ್ಗಿ ನೋಡಿದ.